ಕೇಬಲ್ ಟ್ರೇಗೆ ಭಾರ ಲೆಕ್ಕ ಹಾಕೋದು, ಸಪೋರ್ಟ್ ಆರಿಸೋದು ಹೇಗೆ: ಮೊದಲಿಂದ ಕೊನೆವರೆಗೆ

"ಸರ್, 600ರ ಟ್ರೇ, ಒಂದೂವರೆ ಮೀಟರ್‌ಗೊಂದು ಸಪೋರ್ಟ್ ಕೊಟ್ರೆ ಸಾಕಾ?" ಅಂತ ಸೈಟಿಂದ ಪದೇ ಪದೇ ಕೇಳ್ತಾನೇ ಇರ್ತಾರೆ. ಕೇಬಲ್ ಟ್ರೇ ಅಂದ್ರೆ ಕೇಬಲ್ ಹೊರೋ ಲೋಹದ ಉದ್ದ ತಟ್ಟೆ, 600 ಅಂದ್ರೆ ಮಿಮೀನಲ್ಲಿ ಅದರ ಅಗಲ. ಮೀಟರ್‌ಗೆ ಎಷ್ಟು ಕೆಜಿ ಬರತ್ತೆ ಅಂತ ನಾನು ವಾಪಸ್ ಕೇಳಿದ್ರೆ ಅಲ್ಲಿಗೆ ಮಾತು ನಿಂತೋಗತ್ತೆ. ಒಂದೂವರೆ ಮೀಟರ್ ಅನ್ನೋದು ಯಾರೋ ಹಿಂದಿನ ಸೈಟಲ್ಲಿ ಹಾಕಿದ್ದು, ಇಲ್ಲೂ ಹಾಕ್ತಿದಾರೆ ಅಷ್ಟೇ. ಸಪೋರ್ಟ್ ಗ್ಯಾಪ್ (ಎರಡು ಸಪೋರ್ಟ್ ನಡುವಿನ ದೂರ) ಅನ್ನೋದು ಲೆಕ್ಕದ ಕೊನೇಲಿ ಸಿಗೋ ಉತ್ತರ, ಅದನ್ನೇ ಮೊದಲು ಫಿಕ್ಸ್ ಮಾಡ್ಕೊಂಡು ಆಮೇಲೆ ಕೇಬಲ್ ಎಳೆಯೋದ್ರಿಂದಲೇ ಟ್ರೇ ಜೋತು ಬೀಳೋದು, ಬ್ರಾಕೆಟ್ ಕಿತ್ತು ಬರೋದು ಎಲ್ಲ ಆಗೋದು.

ಇನ್ನೊಂದು ವಿಷ್ಯ ಈಗಲೇ ಹೇಳಿಬಿಡ್ತೀನಿ. ನಾನು ನೋಡಿರೋ ಫೇಲ್ಯೂರ್‌ಗಳಲ್ಲಿ ಟ್ರೇ ಮುರಿದಿದ್ದು ಬಹಳ ಕಮ್ಮಿ. ಕಿತ್ತು ಬಂದಿದ್ದು ಆಂಕರ್ (ಕಾಂಕ್ರೀಟಲ್ಲಿ ಕೂರಿಸೋ ಬೋಲ್ಟ್), ಬಗ್ಗಿದ್ದು ಬ್ರಾಕೆಟ್, ಬಾಯಿ ಬಿಟ್ಟಿದ್ದು ಕಪ್ಲರ್ (ಎರಡು ಟ್ರೇ ತುಂಡು ಸೇರಿಸೋ ಪಟ್ಟಿ) ಜಾಯಿಂಟು. ಭಾರ ಕೇಬಲ್‌ನಿಂದ ಟ್ರೇಗೆ, ಟ್ರೇಯಿಂದ ಅದರ ಕೆಳಗಿನ ಅಡ್ಡ ಉಕ್ಕಿನ ಚಾನೆಲ್‌ಗೆ, ಚಾನೆಲ್‌ನಿಂದ ರಾಡ್‌ಗೆ, ರಾಡ್‌ನಿಂದ ಆಂಕರ್‌ಗೆ, ಆಂಕರ್‌ನಿಂದ ಕಾಂಕ್ರೀಟ್‌ಗೆ ಹೋಗತ್ತೆ, ಈ ಪ್ರತಿಯೊಂದು ಕೊಂಡಿನೂ ಲೆಕ್ಕ ಹಾಕ್ಬೇಕು, ಟ್ರೇ ಒಂದನ್ನೇ ನೋಡಿ ಬಿಟ್ರೆ ಆಗಲ್ಲ.

ಶುರು ಮಾಡೋಕೆ ಮುಂಚೆ ಏನೇನು ಕೈಲಿರ್ಬೇಕು

ಕಾಗದದ ಕಡೆಯಿಂದ ಟ್ರೇ ರೂಟ್ ಡ್ರಾಯಿಂಗ್, ಕೇಬಲ್ ಶೆಡ್ಯೂಲ್, ಕೇಬಲ್ ಕಂಪನಿಯ ಡೇಟಾ ಶೀಟ್ (ತೂಕ ಮತ್ತು ಹೊರಗಿನ ವ್ಯಾಸ ಎರಡೂ ಇರೋದು), ಟ್ರೇ ಕಂಪನಿಯ ಲೋಡ್ ಚಾರ್ಟ್, ಆಂಕರ್ ಕಂಪನಿಯ ಕ್ಯಾಟಲಾಗ್. ಬಿಲ್ಡಿಂಗಿನ ಸ್ಟ್ರಕ್ಚರಲ್ ಡ್ರಾಯಿಂಗ್ ಸಿಕ್ಕಿದ್ರೆ ಅರ್ಧ ಕೆಲಸ ಮುಗಿದಂಗೆ.

ಸೈಟಿಗೆ ಅಳತೆ ಟೇಪು, ರಸಮಟ್ಟ, ನೈಲಾನ್ ದಾರ, ಹ್ಯಾಮರ್ ಡ್ರಿಲ್, ತೂತು ಕ್ಲೀನ್ ಮಾಡೋಕೆ ಬ್ರಷ್ ಮತ್ತೆ ಗಾಳಿ ಪಂಪ್, ಟಾರ್ಕ್ ವ್ರೆಂಚ್. ಟಾರ್ಕ್ ವ್ರೆಂಚ್ ಇಲ್ದೆ ಆಂಕರ್ ಕೆಲಸ ಶುರು ಮಾಡ್ಬೇಡಿ, ಯಾಕೆ ಅಂತ ಕೆಳಗೆ ಬರತ್ತೆ.

ಹಂತ 1: ರೂಟನ್ನ ತುಂಡು ತುಂಡಾಗಿ ಒಡೀರಿ

ಇಡೀ ರೂಟಿಗೆ ಒಂದೇ ಲೆಕ್ಕ ಹಾಕೋದು ಮೊದಲನೇ ತಪ್ಪು. ಪ್ಯಾನೆಲ್ ಹತ್ರ ಹನ್ನೊಂದು ಕೇಬಲ್ ಇರ್ತವೆ, ನಲವತ್ತು ಮೀಟರ್ ಆಚೆ ಹೋದ್ರೆ ಮೂರು ಉಳೀತವೆ. ಎಲ್ಲೆಲ್ಲಿ ಕೇಬಲ್ ಸೇರತ್ತೋ ಬಿಟ್ಟು ಹೋಗತ್ತೋ, ಎಲ್ಲೆಲ್ಲಿ ಬೆಂಡ್, ಟೀ, ಮೇಲಕ್ಕೆ ಹತ್ತೋ ರೈಸರ್ ಇದೆಯೋ ಅಲ್ಲೆಲ್ಲ ಗೆರೆ ಎಳೆದು ಸೆಕ್ಷನ್ ಎ, ಬಿ, ಸಿ ಅಂತ ಹೆಸರು ಕೊಡಿ.

ಪ್ರತಿ ಸೆಕ್ಷನ್‌ಗೆ ಮೇಲೆ ಏನಿದೆ ಅಂತಾನೂ ಬರ್ಕೊಳ್ಳಿ. ಆರ್‌ಸಿಸಿ ಸ್ಲಾಬಾ, ಕಬ್ಬಿಣದ ಬೀಮಾ, ಶೆಡ್ಡಿನ ಪರ್ಲಿನ್ನಾ (ಛಾವಣಿ ಶೀಟು ಹೊರೋ ಅಡ್ಡಪಟ್ಟಿ), ಪಕ್ಕದಲ್ಲಿ ಬ್ಲಾಕ್ ಗೋಡೆನಾ. ಸಪೋರ್ಟ್ ಯಾವ್ದು ಅನ್ನೋದು ಇದರ ಮೇಲೇ ನಿಂತಿದೆ.

ಹಂತ 2: ಕೇಬಲ್ ತೂಕ ಕೂಡಿಸಿ

ಡೇಟಾ ಶೀಟಲ್ಲಿ ತೂಕ ಸಾಮಾನ್ಯವಾಗಿ ಒಂದು ಕಿಲೋಮೀಟರ್‌ಗೆ ಇಷ್ಟು ಕೆಜಿ ಅಂತ ಇರತ್ತೆ, 1000ರಿಂದ ಭಾಗಿಸಿದ್ರೆ ಮೀಟರ್ ಲೆಕ್ಕ. ಡ್ರಮ್ ಮೇಲೆ ಬರೆದಿರೋ ಗ್ರಾಸ್ ತೂಕವನ್ನ ಉದ್ದದಿಂದ ಭಾಗಿಸೋಕೆ ಹೋಗ್ಬೇಡಿ, ಅದ್ರಲ್ಲಿ ಮರದ ಡ್ರಮ್ಮಿನ ತೂಕಾನೂ ಸೇರಿರತ್ತೆ.

ಅಲ್ಯೂಮಿನಿಯಮ್ಮಾ ತಾಮ್ರಾನಾ ಅನ್ನೋದನ್ನ ಎರಡು ಸಲ ನೋಡಿ. 3.5 ಕೋರ್ 300 ಸ್ಕ್ವೇರ್ ಎಂಎಂ ಕೇಬಲ್ ತಗೊಳ್ಳಿ, ಮೂರು 300ರ ತಂತಿ, ಅರ್ಧ ಸೈಜಿನದ್ದು ಒಂದು 150, ಒಟ್ಟು 1050 ಚದರ ಮಿಲಿಮೀಟರ್ ಲೋಹ. ಅಲ್ಯೂಮಿನಿಯಮ್ ಆದ್ರೆ ಆ ಲೋಹವೇ ಮೀಟರ್‌ಗೆ ಸುಮಾರು 2.8 ಕೆಜಿ, ತಾಮ್ರ ಆದ್ರೆ ಸುಮಾರು 9.3 ಕೆಜಿ, ಇನ್ನು ಇನ್ಸುಲೇಷನ್ನು, ಆರ್ಮರು (ಹೊರಗಿನ ಲೋಹದ ಕವಚ) ಎಲ್ಲ ಬೇರೆ. ಅಂದ್ರೆ ಅದೇ ಸೈಜಿನ ಒಂದೇ ಒಂದು ಕೇಬಲ್ ಬದಲಾದ್ರೆ ಮೀಟರ್‌ಗೆ ಆರೂವರೆ ಕೆಜಿ ಜಾಸ್ತಿ. ಸಪೋರ್ಟೆಲ್ಲ ಹಾಕಿದ್ ಮೇಲೆ ಕ್ಲೈಂಟ್ "ತಾಮ್ರಾನೇ ಹಾಕಿ" ಅಂದ್ರೆ ಸುಮ್ನೆ ಹೂಂ ಅನ್ಬೇಡಿ, ಹಂತ 2ರಿಂದ ಮತ್ತೆ ಲೆಕ್ಕ ಮಾಡಿ.

ಒಂದು ಉದಾಹರಣೆ ತಗೊಂಡು ಕೊನೆವರೆಗೂ ಅದನ್ನೇ ನಡೆಸೋಣ. ಪೀಣ್ಯದಂಥ ಕಡೆ ಒಂದು ಸಣ್ಣ ಫ್ಯಾಕ್ಟರಿ, 600 ಮಿಮೀ ಅಗಲದ ಲ್ಯಾಡರ್ (ಏಣಿ ಥರದ) ಟ್ರೇ, ಸೆಕ್ಷನ್ ಎ. ಕೇಬಲ್ ಎಲ್ಲ ಅಲ್ಯೂಮಿನಿಯಮ್ ಆರ್ಮರ್ಡ್ ಎಕ್ಸ್‌ಎಲ್‌ಪಿಇ (ಒಂದು ಥರ ಪ್ಲಾಸ್ಟಿಕ್ ಇನ್ಸುಲೇಷನ್). 3.5 ಕೋರ್ 240 ನಾಲ್ಕು, ತಲಾ 5 ಕೆಜಿ ಅಂದ್ರೆ 20. 3.5 ಕೋರ್ 120 ಮೂರು, ತಲಾ 2.6 ಅಂದ್ರೆ 7.8. 4 ಕೋರ್ 25 ನಾಲ್ಕು, ತಲಾ 1 ಅಂದ್ರೆ 4. ಒಟ್ಟು ಮೀಟರ್‌ಗೆ 31.8 ಕೆಜಿ. ಈ ತಲಾ ತೂಕಗಳು ಲೆಕ್ಕ ತೋರಿಸೋಕೆ ಅಂತ ನಾನು ಇಟ್ಕೊಂಡಿರೋದು, ನಿಮ್ಮ ಕೇಬಲ್ಲಿಗೆ ನಿಮ್ಮ ಡೇಟಾ ಶೀಟೇ ನೋಡಿ.

ಮುಂದೆ ಸೇರೋ ಕೇಬಲ್‌ಗೆ ಅಂತ 25 ಪರ್ಸೆಂಟ್ ಸೇರಿಸಿದ್ರೆ 39.8, ಲೆಕ್ಕಕ್ಕೆ 40 ಅಂತಿಟ್ಕೊಳ್ಳಿ. ಖಾಲಿ ಜಾಗ ಕಂಡ್ರೆ ಯಾರಾದ್ರೂ ಕೇಬಲ್ ಹಾಕೇ ಹಾಕ್ತಾರೆ, ಹಾಗಾಗಿ ಈ 25 ಪರ್ಸೆಂಟನ್ನ ಬಿಡೋ ಹಾಗಿಲ್ಲ.

ಹಂತ 3: ಟ್ರೇದೇ ತೂಕ

ಕ್ಯಾಟಲಾಗಲ್ಲಿ ಇದ್ರೆ ಅದನ್ನೇ ತಗೊಳ್ಳಿ. ಲೋಕಲ್ ಫ್ಯಾಬ್ರಿಕೇಟರ್ ಹತ್ರ ಮಾಡಿಸಿದ್ರೆ ನೀವೇ ಲೆಕ್ಕ ಹಾಕ್ಬೇಕು, ಕಷ್ಟ ಏನಿಲ್ಲ, ಉಕ್ಕಿನ ಸಾಂದ್ರತೆ ಕ್ಯೂಬಿಕ್ ಮೀಟರ್‌ಗೆ 7850 ಕೆಜಿ ಅನ್ನೋದು ನೆನಪಿದ್ರೆ ಸಾಕು.

ಸೈಡ್ ರೈಲನ್ನ ಬಿಚ್ಚಿ ಚಪ್ಪಟೆ ಮಾಡಿದ್ರೆ ಎಷ್ಟು ಅಗಲ ಬರತ್ತೆ ನೋಡಿ. ನಮ್ಮ ಉದಾಹರಣೇಲಿ 150 ಮಿಮೀ ಅಗಲ, 2 ಮಿಮೀ ದಪ್ಪ. 0.15 × 0.002 × 7850 = 2.36 ಕೆಜಿ, ಎರಡೂ ಕಡೆ ಸೇರಿ 4.7. ಮೆಟ್ಟಿಲು ಪಟ್ಟಿಗಳು 250 ಮಿಮೀಗೊಂದು, ಅಂದ್ರೆ ಮೀಟರ್‌ಗೆ ನಾಲ್ಕು, ಬಿಚ್ಚಿದ್ರೆ 70 ಮಿಮೀ ಅಗಲ, 2 ಮಿಮೀ ದಪ್ಪ, 0.6 ಮೀಟರ್ ಉದ್ದ, ನಾಲ್ಕೂ ಸೇರಿ 2.6. ಕಪ್ಲರ್, ನಟ್ ಬೋಲ್ಟ್, ಗ್ಯಾಲ್ವನೈಸಿಂಗಿನ ಸತು ಎಲ್ಲಕ್ಕೂ ಸೇರಿ ಹತ್ತು ಪರ್ಸೆಂಟ್ ಹಾಕಿದ್ರೆ 8 ಕೆಜಿ ಆಯ್ತು.

ಕವರ್ ಹಾಕೋದಾದ್ರೆ ಅದನ್ನೂ ಸೇರಿಸಿ. 640 ಮಿಮೀ ಅಗಲ, 1.2 ಮಿಮೀ ದಪ್ಪ ಶೀಟು ಮೀಟರ್‌ಗೆ 6 ಕೆಜಿ ಬರತ್ತೆ. ಕೇಬಲ್ 40, ಟ್ರೇ 8, ಕವರ್ 6, ಒಟ್ಟು ಮೀಟರ್‌ಗೆ 54 ಕೆಜಿ.

ಹಂತ 4: ಕಣ್ಣಿಗೆ ಕಾಣದ ಭಾರಗಳು

ಮನುಷ್ಯ. ಟ್ರೇ ಮೇಲೆ ಯಾರೂ ನಿಲ್ಲಬಾರ್ದು, ಅದು ಏಣಿನೂ ಅಲ್ಲ ನಡೆಯೋ ದಾರಿನೂ ಅಲ್ಲ, ಬೋರ್ಡ್ ಹಾಕಿ, ಸ್ಕ್ಯಾಫೋಲ್ಡಿಂಗ್ ಕೊಡಿ. ಆದ್ರೂ ಕೇಬಲ್ ಎಳೆಯೋವಾಗ ಒಬ್ಬ ಹುಡುಗ ಹತ್ತೇ ಹತ್ತುತ್ತಾನೆ ಅನ್ನೋದು ಸೈಟಲ್ಲಿರೋರಿಗೆಲ್ಲ ಗೊತ್ತು. 90 ಕೆಜಿ ಮನುಷ್ಯ ಒಂದೂವರೆ ಮೀಟರ್ ಗ್ಯಾಪಿನ ನಟ್ಟ ನಡುವೆ ನಿಂತ್ರೆ ಟ್ರೇ ಬಗ್ಗೋ ಲೆಕ್ಕಕ್ಕೆ ಅದು ಎರಡರಿಂದ ಗುಣಿಸಿ ಗ್ಯಾಪಿಂದ ಭಾಗಿಸಿದಷ್ಟು, ಅಂದ್ರೆ ಮೀಟರ್‌ಗೆ 120 ಕೆಜಿ ಹರಡಿದ ಭಾರಕ್ಕೆ ಸಮ. ನಮ್ಮ ಕೇಬಲ್ಲು ಟ್ರೇ ಕವರ್ ಎಲ್ಲ ಸೇರಿಸಿದ 54ರ ಎರಡು ಪಟ್ಟಿಗಿಂತ ಜಾಸ್ತಿ. ಹಾಗಾಗಿ ಸಪೋರ್ಟ್ ಲೆಕ್ಕದಲ್ಲಿ ಒಬ್ಬ ಮನುಷ್ಯನ ಭಾರ ಇಟ್ಕೊಂಡೇ ನಾನು ಚೆಕ್ ಮಾಡೋದು, ಅದು ಅನುಮತಿ ಅಂತ ಅಲ್ಲ, ಒಂದು ಜೀವ ಉಳೀಲಿ ಅಂತ.

ಗಾಳಿ. ಹೊರಗಡೆ, ಟೆರೇಸ್ ಮೇಲೆ, ಪೈಪ್ ರ‍್ಯಾಕ್ ಮೇಲೆ ಕವರ್ ಹಾಕಿದ ಟ್ರೇ ಇದ್ರೆ ಗಾಳಿ ಲೆಕ್ಕ ಬೇಕೇ ಬೇಕು. ಗಾಳಿ ಭಾರದ ಭಾರತೀಯ ಸ್ಟ್ಯಾಂಡರ್ಡ್ ಐಎಸ್ 875ರ 3ನೇ ಭಾಗದಲ್ಲಿ ಬೆಂಗಳೂರಿಗೆ ಬೇಸಿಕ್ ವಿಂಡ್ ಸ್ಪೀಡ್ ಸೆಕೆಂಡ್‌ಗೆ 33 ಮೀಟರ್, ಮಂಗಳೂರಿಗೆ 39. ವೇಗದ ವರ್ಗವನ್ನ 0.6ರಿಂದ ಗುಣಿಸಿದ್ರೆ ಒತ್ತಡ ನ್ಯೂಟನ್‌ನಲ್ಲಿ ಸಿಗತ್ತೆ, ಅದನ್ನ 9.81ರಿಂದ ಭಾಗಿಸಿದ್ರೆ ಕೆಜಿ, ಬೆಂಗಳೂರಿಗೆ ಚದರ ಮೀಟರ್‌ಗೆ ಸುಮಾರು 67 ಕೆಜಿ, ಮಂಗಳೂರಿಗೆ ಸುಮಾರು 93. ಎತ್ತರ, ಜಾಗ, ಆಕಾರದ ಗುಣಾಂಕಗಳು ಇದರ ಮೇಲೆ ಬರ್ತವೆ. ಅವನ್ನ ಬಿಟ್ಟು ಬರೀ ಇಷ್ಟನ್ನೇ ನಮ್ಮ 640 ಮಿಮೀ ಕವರ್‌ಗೆ ಹಾಕಿದ್ರೂ ಮಂಗಳೂರಲ್ಲಿ ಮೀಟರ್‌ಗೆ 60 ಕೆಜಿ ಹತ್ರ ಬರತ್ತೆ, ಕವರಿನ ತೂಕ ಇರೋದು 6. ಕವರ್‌ಗೆ ಎರಡು ಸ್ಕ್ರೂ ಹೊಡೆದು ಬಿಟ್ರೆ ಮೊದಲನೇ ಮಳೆಗಾಲದಲ್ಲೇ ಹಾರೋಗತ್ತೆ, ಕ್ಲಾಂಪ್ ಹಾಕ್ಬೇಕು, ಟ್ರೇನ ಸಪೋರ್ಟಿಗೆ ಕೆಳಗಿಂದ ಹೋಲ್ಡ್ ಡೌನ್ ಮಾಡ್ಬೇಕು.

ಧೂಳು. ಕಲಬುರಗಿ ಕಡೆ ಸಿಮೆಂಟ್ ಫ್ಯಾಕ್ಟರಿಗಳಲ್ಲಿ ಕೆಲಸ ಮಾಡಿದೋರಿಗೆ ಇದು ಹೇಳೋದೇ ಬೇಡ. ಗಟ್ಟಿಯಾಗಿ ಕೂತ ಸಿಮೆಂಟ್ ಕ್ಯೂಬಿಕ್ ಮೀಟರ್‌ಗೆ 1440 ಕೆಜಿ ಅಂತ ಹಿಡಿದ್ರೆ 600 ಅಗಲದ ಮೇಲೆ ಒಂದಿಂಚು ಧೂಳು ಅಂದ್ರೆ ಮೀಟರ್‌ಗೆ 20 ಕೆಜಿ ಮೇಲೆ. ಮಳೆ ನೀರು ಬಿದ್ದು ಗಟ್ಟಿಯಾದ್ರೆ ಯಾರೂ ತೆಗೆಯೋಕಾಗಲ್ಲ. ಅಂಥ ಕಡೆ ಟ್ರೇನ ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ ಕೂರಿಸೋದೋ, ಇಳಿಜಾರಿನ ಕವರ್ ಹಾಕೋದೋ ಮಾಡಿ, ಇಲ್ಲಾಂದ್ರೆ ಈ ಭಾರವನ್ನೂ ಲೆಕ್ಕಕ್ಕೆ ತಗೊಳ್ಳಿ.

ಎಳೆತ. ವಿಂಚ್ ಹಾಕಿ ಕೇಬಲ್ ಎಳೆಯೋವಾಗ 90 ಡಿಗ್ರಿ ಬೆಂಡಲ್ಲಿ ಕೇಬಲ್ ಒಳಮೂಲೆ ಕಡೆ ಟ್ರೇನ ಒತ್ತತ್ತೆ. ಎಳೆತ 500 ಕೆಜಿ ಇದ್ರೆ ಆ ಬೆಂಡಿನ ಮೇಲೆ ಬೀಳೋ ಬಲ ಅದರ 1.41 ಪಟ್ಟು, ಸುಮಾರು 700 ಕೆಜಿ, ಅದೂ ಪಕ್ಕಕ್ಕೆ. ಟ್ರೇ ಸಪೋರ್ಟ್ ಮಾಡಿರೋದು ಕೆಳಮುಖದ ಭಾರಕ್ಕೆ, ಪಕ್ಕದ್ದಕ್ಕಲ್ಲ. ಬೆಂಡಲ್ಲಿ ರೋಲರ್‌ನ ಟ್ರೇಗೆ ಕಟ್ಬೇಡಿ, ಪ್ರತ್ಯೇಕವಾಗಿ ಪಿಲ್ಲರ್‌ಗೋ ನೆಲಕ್ಕೋ ಆಂಕರ್ ಮಾಡಿ.

ಹಂತ 5: ಗ್ಯಾಪ್ ಎಷ್ಟು ಅಂತ ಈಗ ನಿರ್ಧಾರ ಮಾಡಿ

ಗ್ಯಾಪ್ ಎರಡು ಪಟ್ಟಾದ್ರೆ ಒಂದು ಸಪೋರ್ಟ್ ಮೇಲಿನ ಭಾರ ಎರಡು ಪಟ್ಟು, ಟ್ರೇ ಬಗ್ಗೋ ಬಲ ನಾಲ್ಕು ಪಟ್ಟು, ಜೋತು ಬೀಳೋದು ಹದಿನಾರು ಪಟ್ಟು ಆಗತ್ತೆ. "ಸ್ವಲ್ಪ ದೂರ ದೂರ ಹಾಕಿದ್ರೆ ಏನಾಗತ್ತೆ" ಅನ್ನೋರಿಗೆ ಉತ್ತರ ಇಷ್ಟೇ.

ಟ್ರೇ ಕಂಪನಿ ಚಾರ್ಟಲ್ಲಿ ಪ್ರತಿ ಗ್ಯಾಪಿಗೂ ಸೇಫ್ ವರ್ಕಿಂಗ್ ಲೋಡ್ (ಸುರಕ್ಷಿತವಾಗಿ ಹೊರೋ ಭಾರ) ಕೊಟ್ಟಿರ್ತಾರೆ. ಕೇಬಲ್ ಟ್ರೇಯ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಐಇಸಿ 61537 ಪ್ರಕಾರ ಟೆಸ್ಟ್ ಮಾಡಿದ್ದಾದ್ರೆ ಆ ಲೋಡಲ್ಲಿ ನಡುವಿನ ಜೋತು ಗ್ಯಾಪಿನ ನೂರನೇ ಒಂದು ಭಾಗ ದಾಟಬಾರ್ದು, ಒಂದೂವರೆ ಮೀಟರ್‌ಗೆ 15 ಮಿಮೀ, ಮತ್ತೆ 1.7 ಪಟ್ಟು ಭಾರ ಹಾಕಿದ್ರೂ ಕುಸೀಬಾರ್ದು. ಕೆಲವು ಕನ್ಸಲ್ಟೆಂಟ್‌ಗಳು ಇನ್ನೂರನೇ ಒಂದು ಭಾಗ ಕೇಳ್ತಾರೆ, ಟೆಂಡರ್ ಓದಿ ನೋಡಿ.

ಚಾರ್ಟ್ ಓದೋವಾಗ ಮೂರು ಪ್ರಶ್ನೆ ಕೇಳಿ. ಟ್ರೇದೇ ತೂಕ ಆ ಅಂಕಿಯೊಳಗೆ ಸೇರಿದೆಯಾ ಇಲ್ವಾ? ಟೆಸ್ಟ್ ಮಾಡುವಾಗ ಜಾಯಿಂಟ್ ಎಲ್ಲಿತ್ತು? ಕೊನೆಯ ಗ್ಯಾಪಿಗೂ ಅದೇ ಅಂಕಿನಾ? ಸಾಲಿನ ಮೊದಲನೇ ಮತ್ತು ಕೊನೇ ಗ್ಯಾಪು ಒಂದು ಕಡೆ ಮಾತ್ರ ಮುಂದುವರಿಯೋದ್ರಿಂದ ನಡುವಿನವಕ್ಕಿಂತ ಜಾಸ್ತಿ ಬಗ್ಗತ್ತೆ, ಅಲ್ಲಿ ಗ್ಯಾಪ್ ಕಮ್ಮಿ ಮಾಡಿ. ಚಾರ್ಟ್ 2 ಮೀಟರ್‌ಗೆ ನಿಂತಿದ್ರೆ ಗೆರೆನ ನೀವೇ ಎಳ್ಕೊಂಡು 3 ಮೀಟರ್‌ಗೆ ಹೋಗ್ಬೇಡಿ. ಫ್ಯಾಬ್ರಿಕೇಟರ್ ಹತ್ರ ಚಾರ್ಟೇ ಇಲ್ಲ ಅಂದ್ರೆ ನೆಲದ ಮೇಲೆ ಎರಡು ಸ್ಟ್ಯಾಂಡ್ ಇಟ್ಟು, ಟ್ರೇ ಇಟ್ಟು, ಲೆಕ್ಕದ ಭಾರದ 1.7 ಪಟ್ಟು ಮರಳು ಚೀಲ ಹೇರಿ ನೋಡಿ. ಅರ್ಧ ದಿನದ ಕೆಲಸ, ಬಹಳ ಹೇಳ್ಕೊಡತ್ತೆ.

ಜಾಯಿಂಟು ಎಲ್ಲಿ ಬೀಳತ್ತೆ ಅಂತ ಈಗಲೇ ಡ್ರಾಯಿಂಗಲ್ಲಿ ಹಾಕಿ

ಇದನ್ನ ಯಾರೂ ಮಾಡಲ್ಲ, ಅದಕ್ಕೇ ನಾನು ಇಲ್ಲಿ ನಿಲ್ಲಿಸಿ ಹೇಳ್ತಿದೀನಿ. ಜಾಯಿಂಟ್ ಇರಬೇಕಾದ ಜಾಗ ಸಪೋರ್ಟಿಂದ ಗ್ಯಾಪಿನ ಕಾಲು ಭಾಗ ದೂರ. ನಟ್ಟ ನಡುವೆ ಬಂದ್ರೆ ಅಲ್ಲೇ ಬಾಯಿ ಬಿಡತ್ತೆ, ಸಪೋರ್ಟ್ ಮೇಲೇ ಬಂದ್ರೂ ಒಳ್ಳೇದಲ್ಲ.

ಟ್ರೇ ಬರೋದು 2.5 ಮೀಟರ್ ಉದ್ದದಲ್ಲಿ ಅಂದ್ಕೊಳ್ಳಿ, ಸಪೋರ್ಟ್ ಒಂದೂವರೆ ಮೀಟರ್‌ಗೊಂದು. ಮೊದಲ ಸಪೋರ್ಟ್ ತುದೀಲೇ ಇಟ್ರೆ ಸಪೋರ್ಟ್‌ಗಳು 0, 1.5, 3, 4.5, 6, 7.5ರಲ್ಲಿ, ಜಾಯಿಂಟ್‌ಗಳು 2.5, 5, 7.5ರಲ್ಲಿ. ಮೂರನೇ ಜಾಯಿಂಟ್ ಸೀದಾ ಸಪೋರ್ಟ್ ನೆತ್ತಿ ಮೇಲೆ. ಸರಿ ಮಾಡೋಣ ಅಂತ ಎಲ್ಲ ಸಪೋರ್ಟನ್ನ 30 ಸೆಂಟಿಮೀಟರ್ ಮುಂದಕ್ಕೆ ಸರಿಸಿದ್ರೆ 1.8ಕ್ಕೂ 3.3ಕ್ಕೂ ಮಧ್ಯೆ 2.5ರ ಜಾಯಿಂಟು, ಹೆಚ್ಚು ಕಮ್ಮಿ ನಟ್ಟ ನಡುವೆ. ಯಾವ ಕಡೆ ಎಳೆದ್ರೂ ಇನ್ನೊಂದು ಕಡೆ ಕೆಡತ್ತೆ.

ಈಗ ಗ್ಯಾಪನ್ನ ಟ್ರೇ ಉದ್ದದ ಸರಿಯಾಗಿ ಅರ್ಧ ಮಾಡಿ, 1.25 ಮೀಟರ್. ಮೊದಲ ಸಪೋರ್ಟ್ 0.3ರಲ್ಲಿ. ಆಮೇಲೆ 1.55, 2.8, 4.05, 5.3. 2.5ರ ಜಾಯಿಂಟ್ 2.8ರಿಂದ 30 ಸೆಂಮೀ ಹಿಂದೆ, 5ರ ಜಾಯಿಂಟ್ 5.3ರಿಂದ 30 ಸೆಂಮೀ ಹಿಂದೆ, ಎಷ್ಟು ದೂರ ಹೋದ್ರೂ ಪ್ರತಿ ಜಾಯಿಂಟೂ ಕಾಲು ಭಾಗದ ಹತ್ರಾನೇ ಬೀಳತ್ತೆ, ಮೊದಲ ಗ್ಯಾಪಲ್ಲಿ ಜಾಯಿಂಟೇ ಇಲ್ಲ. 3 ಮೀಟರ್ ಉದ್ದದ ಟ್ರೇ ಆದ್ರೆ ಒಂದೂವರೆ ಮೀಟರ್ ಗ್ಯಾಪು, ಮೊದಲ ಸಪೋರ್ಟ್ 0.375ರಲ್ಲಿ. ಸಪೋರ್ಟ್ ಒಂದೆರಡು ಜಾಸ್ತಿ ಬೀಳ್ಬಹುದು, ಆದ್ರೆ ಜೋಡಿಸೋ ಹುಡುಗರು ಪ್ರತಿ ಸಲ ತಲೆ ಕೆಡಿಸ್ಕೊಳ್ಳೋದು ತಪ್ಪತ್ತೆ.

ಹಂತ 6: ಒಂದು ಸಪೋರ್ಟಿಗೆ ಎಷ್ಟು ಭಾರ

ಮೀಟರ್‌ಗೆ 54, ಗ್ಯಾಪ್ 1.5, ಹಾಗಾದ್ರೆ 81 ಕೆಜಿ, ಇಲ್ಲಿಗೆ ನಿಲ್ಲಿಸ್ತಾರೆ. ತಪ್ಪು. ಎರಡು ಗ್ಯಾಪಿನ ಮೇಲೆ ಒಂದೇ ಟ್ರೇ ಮುಂದುವರಿದಾಗ ನಡುವಿನ ಸಪೋರ್ಟು ತನ್ನ ಪಾಲಿಗಿಂತ ಕಾಲು ಭಾಗ ಜಾಸ್ತಿ ಹೊರತ್ತೆ, 1.25 ಪಟ್ಟು. ಗ್ಯಾಪ್‌ಗಳ ಸಂಖ್ಯೆ ಜಾಸ್ತಿ ಆದ್ರೆ ಇದು ಸ್ವಲ್ಪ ಕಮ್ಮಿ ಆಗತ್ತೆ, ಆದ್ರೂ ಎಲ್ಲ ಕಡೆ 1.25 ಹಾಕಿಬಿಡಿ. 54 × 1.5 × 1.25 = 101 ಕೆಜಿ. ಗ್ಯಾಪ್ 1.25 ಮಾಡಿದ್ರೆ 84 ಕೆಜಿ. 3 ಮೀಟರ್ ಮಾಡಿದ್ರೆ 202.

ಕೆಳಗಿನ ಲೆಕ್ಕಕ್ಕೆಲ್ಲ ಜಾಸ್ತಿ ಇರೋ 101 ಕೆಜಿನೇ ತಗೋತೀನಿ. ಆಂಕರ್ ಕ್ಯಾಟಲಾಗ್ ಕಿಲೋನ್ಯೂಟನ್‌ನಲ್ಲಿ ಇರತ್ತೆ, 1 ಕಿಲೋನ್ಯೂಟನ್ ಅಂದ್ರೆ ಸುಮಾರು 102 ಕೆಜಿ. ಅಂದ್ರೆ ನಮ್ಮ ಸಪೋರ್ಟಿಗೆ ಹತ್ರ ಹತ್ರ 1 ಕಿಲೋನ್ಯೂಟನ್.

ಹಂತ 7: ಯಾವ ಸಪೋರ್ಟ್

ಎರಡು ರಾಡಿನ ಟ್ರಪೀಜ್. ಸ್ಲಾಬಿಂದ ಎರಡು ಥ್ರೆಡ್ ರಾಡ್ ಇಳಿಬಿಟ್ಟು ಕೆಳಗೆ ಸ್ಟ್ರಟ್ ಚಾನೆಲ್ ಅಡ್ಡ ಹಾಕೋದು. ಸ್ಲಾಬ್ ಸಿಕ್ರೆ ನನ್ನ ಮೊದಲ ಆಯ್ಕೆ ಇದೇ. 101 ಕೆಜಿ ಎರಡು ರಾಡಿಗೆ ಹಂಚಿದ್ರೆ ತಲಾ 51. ಆದ್ರೆ 240ರ ಕೇಬಲ್ ನಾಲ್ಕೂ ಒಂದೇ ಬದಿಗೆ ಹಾಕಿದ್ರೆ ಆ ಬದಿ ರಾಡಿಗೆ ಜಾಸ್ತಿ ಹೋಗತ್ತೆ, ಅದಕ್ಕೇ ದಪ್ಪ ಕೇಬಲ್‌ನ ಎರಡೂ ಬದಿಗೆ ಹಂಚಿ ಹಾಕಿ. ಒಬ್ಬ ಮನುಷ್ಯ ಒಂದು ಬದಿಗೆ ನಿಂತ ಅಂತ ಸೇರಿಸಿದ್ರೆ ಒಂದು ರಾಡಿಗೆ 51 + 90, ಅಂದ್ರೆ 141 ಕೆಜಿ.

4.6 ಗ್ರೇಡ್ ಉಕ್ಕಿನ ಎಂ8 (8 ಮಿಮೀ ವ್ಯಾಸದ) ರಾಡಿಗೆ ಎಳೆತ ತಡೆಯೋ ಅಡ್ಡಕೊಯ್ತ 36.6 ಚದರ ಮಿಮೀ, ಎಂ10ಕ್ಕೆ 58. ಮುರಿಯೋ ಬಲದ ಐದನೇ ಒಂದು ಭಾಗ ಅಂತ ಹಿಡಿದ್ರೆ ಎಂ8ಗೆ ಸುಮಾರು 298 ಕೆಜಿ, ಎಂ10ಗೆ ಸುಮಾರು 470. ಎಂ8 ಸಾಕು ಅನ್ಸತ್ತೆ, ಆದ್ರೂ ನಾನು ಎಂ10 ಹಾಕ್ತೀನಿ, ಯಾಕಂದ್ರೆ ಸೈಟಲ್ಲಿ ರಾಡು ಓರೆ ಬೀಳತ್ತೆ, ಯಾರೋ ಅದಕ್ಕೆ ಡಕ್ಟೋ ಪೈಪೋ ಒರಗಿಸ್ತಾರೆ. ರಾಡ್ ಎಳೆತಕ್ಕೆ ಗಟ್ಟಿ, ಬಗ್ಗೋದಕ್ಕೆ ಬಹಳ ಬಡವ. ಉದ್ದ ರಾಡಿನ ಸಾಲು ಉಯ್ಯಾಲೆ ಥರ ಆಡತ್ತೆ, ಹಾಗಾಗಿ ಆಗಾಗ ಒಂದು ಕಡೆ ಆಂಗಲ್ ಹಾಕಿ ಅಡ್ಡಕ್ಕೂ ಉದ್ದಕ್ಕೂ ಬ್ರೇಸ್ ಕೊಡಿ.

ಗೋಡೆ ಬ್ರಾಕೆಟ್. ಜನ ಸೋಲೋದು ಹೆಚ್ಚಾಗಿ ಇಲ್ಲೇ. ಅದೇ 101 ಕೆಜಿ, ಗೋಡೆಯಿಂದ 50 ಮಿಮೀ ಬಿಟ್ಟು 600ರ ಟ್ರೇ, ಭಾರದ ನಡುಬಿಂದು ಗೋಡೆಯಿಂದ 350 ಮಿಮೀ ಆಚೆ. ಬೇಸ್ ಪ್ಲೇಟಿನ ಕೆಳತುದಿಯಿಂದ ಮೇಲಿನ ಬೋಲ್ಟಿಗೆ 120 ಮಿಮೀ. ಸನ್ನೆಕೋಲಿನ ಲೆಕ್ಕ, 101 × 350 ÷ 120, ಮೇಲಿನ ಬೋಲ್ಟನ್ನ ಗೋಡೆಯಿಂದ ಹೊರಗೆ ಎಳೆಯೋ ಬಲ ಸುಮಾರು 295 ಕೆಜಿ. 101 ಕೆಜಿ ಹೊರೋಕೆ ಹೋಗಿ ಬೋಲ್ಟು 295 ಕೆಜಿ ಎಳೆತ ತಿಂತಾ ಇದೆ. ಈಗ ಒಬ್ಬ 90 ಕೆಜಿಯವನು ಬ್ರಾಕೆಟ್ಟಿನ ತುದೀಲಿ, 650 ಮಿಮೀ ದೂರದಲ್ಲಿ, ಕಾಲಿಟ್ಟ ಅಂದ್ಕೊಳ್ಳಿ. ಇನ್ನೂ 488 ಸೇರತ್ತೆ. ಒಟ್ಟು 780 ಕೆಜಿ ದಾಟ್ತು. ಪ್ಲೇಟ್ ಉದ್ದ ಮಾಡಿ, ಬೋಲ್ಟ್ ದೂರ ದೂರ ಇಡಿ, ಕೆಳಗಿಂದ ಓರೆ ಸ್ಟ್ರಟ್ ಕೊಡಿ, ಇಲ್ಲಾ 600 ಬದಲು 300ರ ಎರಡು ಟ್ರೇ ಒಂದರ ಮೇಲೊಂದು ಹಾಕಿ.

ಗೋಡೆ ಯಾವುದು ಅನ್ನೋದು ಅದಕ್ಕಿಂತ ಮುಖ್ಯ. ಬಹಳ ವರ್ಷದ ಹಿಂದೆ ಒಂದು ಬೇಸ್‌ಮೆಂಟಲ್ಲಿ ನಾನು ಸೂಪರ್‌ವೈಸರ್ ಆಗಿದ್ದಾಗ ಬೆಳಿಗ್ಗೆ ಹೋಗಿ ನೋಡಿದ್ರೆ ಸಾಲಾಗಿ ನಾಲ್ಕು ಬ್ರಾಕೆಟ್ ಮೂಗು ಕೆಳಗೆ ಮಾಡಿ ನೇತಾಡ್ತಿದ್ವು. ಟ್ರೇಗೆ ಏನೂ ಆಗಿರ್ಲಿಲ್ಲ, ಬ್ರಾಕೆಟ್ಟೂ ಬಗ್ಗಿರ್ಲಿಲ್ಲ. ಒಂದು ಫಾಸ್ಟನರ್‌ನ ಎರಡು ಬೆರಳಲ್ಲಿ ಹಿಡಿದು ಎಳೆದೆ, ಬಂತು, ತುದೀಲಿ ಬೂದು ಪುಡಿ ಅಂಟಿತ್ತು, ಒಳಗೆ ನೋಡಿದ್ರೆ ಟೊಳ್ಳು ಬ್ಲಾಕು. ಕೆಳಗೆ ಹಿಂದಿನ ದಿನ ಸಂಜೆ ಜನ ಊಟಕ್ಕೆ ಕೂತಿದ್ದ ಜಾಗ. ಅವತ್ತಿಂದ ಗೋಡೆನ ಸುತ್ತಿಗೆಲಿ ತಟ್ಟಿ ಸದ್ದು ಕೇಳದೆ ನಾನು ಬ್ರಾಕೆಟ್ ಮಾರ್ಕ್ ಮಾಡಲ್ಲ. ಟೊಳ್ಳು ಬ್ಲಾಕ್, ಎಎಸಿ (ಗಾಳಿ ಗುಳ್ಳೆಯ ಹಗುರ ಕಾಂಕ್ರೀಟ್) ಬ್ಲಾಕ್ ಗೋಡೆಗೆ ಮಾಮೂಲಿ ಎಕ್ಸ್‌ಪ್ಯಾನ್ಷನ್ ಫಾಸ್ಟನರ್ (ಬಿಗಿ ಮಾಡಿದಾಗ ತೂತಲ್ಲಿ ಅಗಲ ಆಗಿ ಹಿಡಿಯೋ ಬೋಲ್ಟ್) ಹಾಕ್ಲೇಬೇಡಿ. ಗೋಡೆ ಆಚೆಗೆ ಪೂರ್ತಿ ತೂರಿಸಿ ಹಿಂದೆ ಪ್ಲೇಟ್ ಹಾಕಿದ ಬೋಲ್ಟ್, ಇಲ್ಲಾ ಆ ಬ್ಲಾಕಿಗೇ ಅಂತ ಟೆಸ್ಟ್ ಆಗಿರೋ ಆಂಕರ್, ಇಲ್ಲಾ ಗೋಡೆ ಬಿಟ್ಟು ನೆಲದಿಂದ ಸ್ಟ್ಯಾಂಡ್.

ಶೆಡ್ ಆದ್ರೆ. ಈಗ ಎಲ್ಲ ಕಡೆ ಬರ್ತಿರೋ ಪಿಇಬಿ (ಫ್ಯಾಕ್ಟರಿಲೇ ಮಾಡಿ ತಂದು ಜೋಡಿಸೋ ಉಕ್ಕಿನ) ಶೆಡ್ಡುಗಳಲ್ಲಿ ಮೇಲೆ ಕಾಣೋ ಝಡ್ ಪರ್ಲಿನ್ ತೆಳು ಶೀಟಿಂದು, ಛಾವಣಿ ಹೊರೋಕೆ ಅಂತ ಮಾಡಿದ್ದು. ಅದರ ತುಟಿಗೆ ಕ್ಲಾಂಪ್ ಹಾಕಿ ಪವರ್ ಕೇಬಲ್ ಟ್ರೇ ನೇತು ಹಾಕಿದ್ರೆ ಪರ್ಲಿನ್ ತಿರುಚ್ಕೊಳತ್ತೆ. ಮೇನ್ ಫ್ರೇಮಿಂದಲೇ ತಗೋಬೇಕು, ಆದ್ರೆ ಫ್ರೇಮ್‌ಗಳ ನಡುವೆ ಆರು, ಏಳು ಮೀಟರ್ ಇರತ್ತೆ, 1.5 ಮೀಟರ್‌ಗೆ ಹೋಲಿಸಿದ್ರೆ 6 ಮೀಟರ್‌ಗೆ ಬಗ್ಗೋ ಬಲ 16 ಪಟ್ಟು, ಜೋತು 256 ಪಟ್ಟು, ಮಾಮೂಲಿ ಟ್ರೇ ನಿಲ್ಲೋದೇ ಇಲ್ಲ. ಫ್ರೇಮಿಂದ ಫ್ರೇಮಿಗೆ ಸೆಕೆಂಡರಿ ಬೀಮ್ ಹಾಕಿ ಅದರ ಮೇಲೆ ಟ್ರೇ ಕೂರಿಸಿ, ಒಟ್ಟು ಭಾರದ ಪಟ್ಟಿ ಕೊಟ್ಟು ಶೆಡ್ ಡಿಸೈನ್ ಮಾಡಿದವರ ಸಹಿ ತಗೊಳ್ಳಿ.

ಹಂತ 8: ಆಂಕರ್

ಕ್ಯಾಟಲಾಗಲ್ಲಿ ಒಂದೇ ಆಂಕರ್‌ಗೆ ಬೇರೆ ಬೇರೆ ಅಂಕಿ ಇರ್ತವೆ, ಕಿತ್ತು ಬರೋ ಗರಿಷ್ಠ ಬಲ, ಡಿಸೈನ್ ಬಲ, ಶಿಫಾರಸು ಮಾಡಿದ ಬಲ. ನಮ್ಮ ಕೆಜಿ ಲೆಕ್ಕಕ್ಕೆ ಹೋಲಿಸಬೇಕಾದ್ದು ಶಿಫಾರಸು ಮಾಡಿದ್ದನ್ನ, ದೊಡ್ಡ ಅಂಕಿ ಚೆಂದ ಕಾಣತ್ತೆ ಅಂತ ಅದನ್ನ ತಗೋಬೇಡಿ. ಸ್ಲಾಬಿನ ಕೆಳಮೈ ಎಳೆತದ ಕಡೆ, ಬಿರುಕು ಇರತ್ತೆ ಅಂತಲೇ ಹಿಡಿದು ಬಿರುಕು ಬಿಟ್ಟ ಕಾಂಕ್ರೀಟ್‌ನ ಕಾಲಮ್ ಓದಿ.

ತೂತು ಕೊರೆಯೋ ಕ್ರಮ ಹೀಗೆ. ಬಿಟ್ಟಿಗೆ ಟೇಪ್ ಸುತ್ತಿ ಆಳ ಗುರುತು ಮಾಡಿ, ನೇರವಾಗಿ ಕೊರೀರಿ, ಬ್ರಷ್ ಹಾಕಿ, ಗಾಳಿ ಹೊಡೀರಿ, ಮತ್ತೆ ಬ್ರಷ್, ಮತ್ತೆ ಗಾಳಿ. ಪುಡಿ ಉಳಿದ್ರೆ ಆಂಕರ್ ಹಿಡಿಯೋದು ಪುಡಿನ, ಕಾಂಕ್ರೀಟನ್ನಲ್ಲ. ಆಮೇಲೆ ಟಾರ್ಕ್ ವ್ರೆಂಚಲ್ಲಿ ಕ್ಯಾಟಲಾಗ್ ಹೇಳಿದಷ್ಟೇ ಬಿಗಿ ಮಾಡಿ. ಬಿಗಿ ಮಾಡ್ತಾ ಮಾಡ್ತಾ ಆಂಕರ್ ಆಚೆಗೆ ಬರ್ತಾನೇ ಇದ್ರೆ, ಟಾರ್ಕ್ ಏರ್ದೇ ಇದ್ರೆ, ಆ ತೂತು ಕೆಟ್ಟಿದೆ ಅಂತ ಲೆಕ್ಕ, ಕ್ಯಾಟಲಾಗ್ ಹೇಳೋ ದೂರ ಬಿಟ್ಟು ಹೊಸದು ಕೊರೀರಿ. ಬೀಮ್ ಅಂಚಿಗೆ ತೀರಾ ಹತ್ರ ಹಾಕಿದ್ರೆ ಕಾಂಕ್ರೀಟ್ ಚೂರಾಗಿ ಒಡೀತದೆ.

ಕೊರೆಯೋಕೆ ಮುಂಚೆ ಸ್ಲಾಬ್ ಪೋಸ್ಟ್ ಟೆನ್ಷನ್ (ಒಳಗೆ ಎಳೆದು ಬಿಗಿದ ಉಕ್ಕಿನ ಕೇಬಲ್ ಇರೋದು) ಆಗಿದೆಯಾ ಅಂತ ಕೇಳಿ. ಬೆಂಗಳೂರಿನ ಎಷ್ಟೋ ಆಫೀಸ್ ಬಿಲ್ಡಿಂಗಲ್ಲಿ ಅದೇ ಇರೋದು. ಒಳಗಿರೋ ಕೇಬಲ್‌ಗೆ ಡ್ರಿಲ್ ತಾಗಿದ್ರೆ ಜೀವಕ್ಕೂ ಅಪಾಯ, ಬಿಲ್ಡಿಂಗಿಗೂ ಅಪಾಯ. ಗುರುತು ಮಾಡಿದ ಡ್ರಾಯಿಂಗ್, ಸ್ಕ್ಯಾನ್ ಎರಡೂ ಇಲ್ದೆ ಒಂದು ತೂತೂ ಬೇಡ.

ಹಂತ 9: ಬೆಂಡ್, ಟೀ, ರೈಸರ್, ಎಕ್ಸ್‌ಪ್ಯಾನ್ಷನ್

ಬೆಂಡ್, ಟೀ, ಕ್ರಾಸ್ ಇವು ನೇರ ಟ್ರೇಯಷ್ಟು ಗಟ್ಟಿ ಇರಲ್ಲ. ಪ್ರತಿ ತುದಿಯಿಂದ 600 ಮಿಮೀ ಒಳಗೆ ಒಂದು ಸಪೋರ್ಟ್, ದೊಡ್ಡ ರೇಡಿಯಸ್ ಬೆಂಡಿಗೆ ನಡುವೆ ಇನ್ನೊಂದು.

ರೈಸರಲ್ಲಿ ಕೇಬಲ್ ಟ್ರೇ ಮೇಲೆ ಮಲಗಿರಲ್ಲ, ನೇತಾಡ್ತಿರತ್ತೆ. ನಮ್ಮ 31.8 ಕೆಜಿ 14 ಮೀಟರ್ ಎತ್ತರ ಹತ್ತಿದ್ರೆ 445 ಕೆಜಿ, ಟೈ ಹಾಕಿ ಬಿಟ್ರೆ ಅಷ್ಟೂ ಮೇಲಿನ ಬೆಂಡಿನ ಮೇಲೇ ಬೀಳತ್ತೆ. ಕ್ಲೀಟ್ (ಕೇಬಲ್ಲನ್ನ ಬಿಗಿಯಾಗಿ ಹಿಡಿಯೋ ಕ್ಲಾಂಪ್) ಹಾಕಿ, ಪ್ರತಿ ಫ್ಲೋರಲ್ಲೂ ಆ ಫ್ಲೋರಿನ ಭಾರ ಆ ಫ್ಲೋರಿನ ಸ್ಲಾಬಿಗೇ ಇಳಿಯೋ ಹಾಗೆ ಮಾಡಿ. ಸಿಂಗಲ್ ಕೋರ್ ಕೇಬಲ್ ಇದ್ರೆ ಶಾರ್ಟ್ ಸರ್ಕ್ಯೂಟ್ ಬಲಕ್ಕೆ ಲೆಕ್ಕ ಮಾಡಿದ ಟ್ರೆಫಾಯಿಲ್ (ಮೂರು ಕೇಬಲ್ಲನ್ನ ತ್ರಿಕೋನವಾಗಿ ಹಿಡಿಯೋ) ಕ್ಲೀಟೇ ಬೇಕು. 50 ಕಿಲೋ ಆಂಪಿಯರ್ ಪೀಕ್, ಕೇಬಲ್ ನಡುವಿನ ದೂರ 40 ಮಿಮೀ ಇದ್ರೆ ಮೀಟರ್‌ಗೆ 10 ಕಿಲೋನ್ಯೂಟನ್ ಮೇಲೆ, ಅಂದ್ರೆ ಒಂದು ಟನ್ ಬಲ. ಪ್ಲಾಸ್ಟಿಕ್ ಟೈ ಅದನ್ನ ತಡೆಯಲ್ಲ.

ಬಿಸಿಲಲ್ಲಿ 30 ಮೀಟರ್ ಉಕ್ಕಿನ ಟ್ರೇ 40 ಡಿಗ್ರಿ ವ್ಯತ್ಯಾಸಕ್ಕೆ 14 ಮಿಮೀ ಹಿಗ್ಗತ್ತೆ, ಅಲ್ಯೂಮಿನಿಯಮ್ ಆದ್ರೆ ಹತ್ರ ಹತ್ರ ಎರಡು ಪಟ್ಟು. ಎಕ್ಸ್‌ಪ್ಯಾನ್ಷನ್ ಕಪ್ಲರ್ ಹಾಕಿ, ಅದರ ಎರಡೂ ಪಕ್ಕ ಹತ್ರದಲ್ಲೇ ಸಪೋರ್ಟ್ ಕೊಡಿ, ಮೇಲಿಂದ ಅರ್ತಿಂಗ್ ಜಂಪರ್ (ಎರಡೂ ಕಡೆ ಟ್ರೇ ಸೇರಿಸೋ ಅರ್ತ್ ತಂತಿ) ಮರೀಬೇಡಿ.

ಹಂತ 10: ಕೇಬಲ್ ಹಾಕಿದ ಮೇಲೆ ಅಳೀರಿ

ಕೇಬಲ್ ಹಾಕೋಕೆ ಮುಂಚೆ ಸಪೋರ್ಟಿಂದ ಸಪೋರ್ಟಿಗೆ ಸೈಡ್ ರೈಲಿನ ಕೆಳಗೆ ದಾರ ಬಿಗಿದು ನಡುಮಧ್ಯದಲ್ಲಿ ದಾರಕ್ಕೂ ರೈಲಿಗೂ ಎಷ್ಟು ಸಂದಿ ಇದೆ ಸ್ಕೇಲಿಟ್ಟು ಬರ್ಕೊಳ್ಳಿ. ಕೇಬಲ್ ಹಾಕಿದ ಮೇಲೆ ಮತ್ತೆ, ಒಂದು ತಿಂಗಳಾದ ಮೇಲೆ ಮತ್ತೆ. ಒಂದೂವರೆ ಮೀಟರ್‌ಗೆ 15 ಮಿಮೀ ಹತ್ರ ಬರ್ತಿದ್ರೆ, ಅಥವಾ ತಿಂಗಳಲ್ಲಿ ಅಂಕಿ ಬದಲಾಗ್ತಾ ಇದ್ರೆ ನಡುವೆ ಸಪೋರ್ಟ್ ಸೇರಿಸಿ.

ಟಾರ್ಚ್ ಹಿಡಿದು ಇವನ್ನ ನೋಡಿ: ಸೈಡ್ ರೈಲಿನ ಮೇಲಂಚು ಅಲೆ ಅಲೆಯಾಗಿದ್ರೆ ಅದು ಒತ್ತಡಕ್ಕೆ ಸೋಲ್ತಿದೆ. ಕಪ್ಲರ್ ಜಾಯಿಂಟಿನ ಕೆಳಗೆ ಬಿರುಕಿನಂಥ ಗ್ಯಾಪ್, ಮೇಲೆ ಮುಚ್ಚಿದೆ ಅಂದ್ರೆ ಜಾಯಿಂಟ್ ಬಾಯಿ ಬಿಡ್ತಿದೆ. ಚೌಕ ವಾಷರ್ ತಟ್ಟೆ ಥರ ಗುಳಿ ಬಿದ್ದಿದ್ರೆ ವಾಷರ್ ತೆಳು ಆಯ್ತು. ಆಂಕರ್ ಸುತ್ತ ಬಿಳಿ ಪುಡಿಯ ಉಂಗುರ, ಪ್ಲೇಟಿಗೂ ಕಾಂಕ್ರೀಟಿಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ತೂರೋವಷ್ಟು ಸಂದಿ ಕಂಡ್ರೆ ಆ ಕ್ಷಣ ಕೆಳಗಿನ ಜನರನ್ನ ದೂರ ಕಳಿಸಿ, ಟ್ರೇಗೆ ಕೆಳಗಿಂದ ಜಾಕ್ ಕೊಟ್ಟು ಆಮೇಲೆ ರಿಪೇರಿ ನೋಡಿ. ಮೇಲೇರಿ ನಟ್ ಬಿಗಿ ಮಾಡೋಕೆ ಮಾತ್ರ ಹೋಗ್ಬೇಡಿ, ಕಿತ್ತು ಬರ್ತಿರೋ ಆಂಕರ್ ಬಿಗಿ ಮಾಡಿದ್ರೆ ಇನ್ನೂ ಬೇಗ ಬರತ್ತೆ.

ಎಲ್ಲ ಆದ್ಮೇಲೆ ಲೆಕ್ಕದ ಹಾಳೆನ ಲ್ಯಾಮಿನೇಟ್ ಮಾಡಿಸಿ ಪ್ಯಾನೆಲ್ ರೂಮಿನ ಬಾಗಿಲ ಹಿಂದೆ ಅಂಟಿಸಿ. ಸೆಕ್ಷನ್ ಹೆಸರು, ಈಗ ಮೀಟರ್‌ಗೆ ಎಷ್ಟು ಕೆಜಿ ಕೇಬಲ್ ಇದೆ, ಗರಿಷ್ಠ ಎಷ್ಟು, ಬಾಕಿ ಎಷ್ಟು. ನಮ್ಮ ಸೆಕ್ಷನ್ ಎ ಆದ್ರೆ 31.8, 40, 8.2. ಮುಂದೆ ಕೇಬಲ್ ಸೇರಿಸೋರು ಅದರ ಕೆಳಗೆ ಹೊಸ ತೂಕ ಕೂಡಿಸಿ ತಾರೀಕು ಹಾಕ್ಲಿ, ಬಾಕಿ ಸೊನ್ನೆ ಆದ ದಿನ ಆ ಟ್ರೇಗೆ ಇನ್ನೊಂದು ಕೇಬಲ್ಲೂ ಇಲ್ಲ, ಎಷ್ಟೇ ಜಾಗ ಖಾಲಿ ಕಂಡ್ರೂ.